ಒಂಬತ್ತು ದೇಶಗಳಲ್ಲಿ ಪಾಸಾದ ನಮ್ಮ ಕಾಕಾ

ಈ ಪ್ರಬಂಧ ನನಗೆ ಪುಕ್ಕಟೆ ಬಂದದ್ದಲ್ಲ. ಖರ್ಚು ಮೊದಲೇ ಹೇಳಿಬಿಡುತ್ತೇನೆ: ಒಂದು ಜಿಯೋಮೆಟ್ರಿ ಬಾಕ್ಸು, ಒಂದು ದಸ್ತೆ ಗೀಟು ಹಾಕಿದ ಹಾಳೆ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿಬರುವ ಒಂದು ಬಸ್ ಟಿಕೆಟ್ಟು, ಒಂದು ದಿನ ಅಂಗಡಿ ಬಂದ್, ಮತ್ತು ಎಣಿಸಲು ಬಾರದಷ್ಟು ಚಹಾ. ಟಿಕೆಟ್ಟು ಒಂದೇ ಯಾಕೆಂದರೆ ನಾನೂ ಮಗಳೂ ಹೆಂಗಸರು, ಸರಕಾರಿ ಬಸ್ಸಿನಲ್ಲಿ ನಮಗೆ ದುಡ್ಡಿಲ್ಲ. ಜಿಯೋಮೆಟ್ರಿ ಬಾಕ್ಸಿನ ಜೊತೆ ಒಂದು ರಬ್ಬರನ್ನೂ ಒಂದು ಪೆನ್ಸಿಲ್ಲನ್ನೂ ಚೌಕಾಸಿ ಮಾಡಿ ಪುಕ್ಕಟೆ ತಗೊಂಡೆ. ಬಿಟ್ಟರೆ ನಾನು ನಾನೇ ಅಲ್ಲ!

ಇಷ್ಟೆಲ್ಲ ಯಾರಿಗಾಗಿ ಅಂತೀರಾ? ನಮ್ಮ ಕಾಕಾನಿಗಾಗಿ. ನಮ್ಮಪ್ಪನ ತಮ್ಮ. ಅವನ ಬಗ್ಗೆ ನೀವು ತಿಳಿಯಬೇಕಾದ ಮುಖ್ಯ ಮಾತು ಇಷ್ಟು: ಅವನು ಹತ್ತನೇ ಇಯತ್ತೆಯನ್ನು ಒಂಬತ್ತು ದೇಶಗಳಲ್ಲಿ ಪಾಸು ಮಾಡಿದ್ದಾನೆ. ಫೇಲಾದದ್ದು ಒಂದೇ ದೇಶದಲ್ಲಿ. ಅದು ನಮ್ಮದು.

ಪಾಸ್‌ಪೋರ್ಟ್ ಇಲ್ಲ. ವಿಮಾನ ನೋಡಿದ್ದು ಕೆಳಗಿನಿಂದ ಮಾತ್ರ. ಪೂರ್ವಕ್ಕೆ ಹುಮನಾಬಾದಿನ ದನದ ಸಂತೆ, ಪಶ್ಚಿಮಕ್ಕೆ ಸೊಲ್ಲಾಪುರದ ಕಣ್ಣಿನ ದವಾಖಾನೆ, ಅಲ್ಲಿಗೆ ಅವನ ಭೂಮಿ ಮುಗಿಯಿತು. ಅವನ ಹಳ್ಳಿ ಮೋರಖಂಡಿಯಲ್ಲಿ ನಾಲ್ಕು ಎಮ್ಮೆ, ಮೂರೆಕರೆ ತೊಗರಿ. ಆದರೂ ಫಿನ್ಲೆಂಡಿನ ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ ಅಂತ ಕೇಳಿ ನೋಡಿ, ನಮ್ಮೂರ ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಹೇಳುತ್ತಾನೆ. ಬಸ್ಸಿನ ಟೈಮಾದರೂ ತಪ್ಪುತ್ತದೆ!

ನನ್ನದು ಬಸವಕಲ್ಯಾಣದಲ್ಲಿ ಶಾಲಾ ಯೂನಿಫಾರ್ಮಿನ ಅಂಗಡಿ. ಒಂದು ಹಳೆಯ ಹೊಲಿಗೆ ಮಷೀನಿನಿಂದ ಶುರು ಮಾಡಿ ಈಗ ಐದು ಮಷೀನು ಓಡಿಸುತ್ತೇನೆ. ಹುಲಸೂರಿನಿಂದ ಹುಮನಾಬಾದಿನವರೆಗೆ ಯಾವ ಶಾಲೆಯ ಚಡ್ಡಿ ಯಾವ ಬಣ್ಣ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಕಾಕಾ ದಿನಾ ಮುಂಜಾನೆ ಹಾಲು ಹಾಕಿ, ಖಾಲಿ ಕ್ಯಾನು ಹೊರಗಿಟ್ಟು, ಅಂಗಡಿಯ ಸ್ಟೂಲಿನ ಮೇಲೆ ಕುಂತುಬಿಡುತ್ತಾನೆ. ಗಿರಾಕಿ ಅರಿವೆ ಆರಿಸುತ್ತಿದ್ದರೆ ಇವನು ಬಾಯಿ ಹಾಕುತ್ತಾನೆ.

"ಫಿನ್ಲೆಂಡಿನ್ಯಾಗ ಯೂನಿಫಾರ್ಮ ಇಲ್ರಿ! ಹುಡುಗರು ಮನಿ ಅರಿವಿ ಹಾಕ್ಕೊಂಡು ಹೋಗ್ತಾವ!"

ಗಿರಾಕಿಯ ಕೈ ಅರಿವೆಯ ಮೇಲೆ ನಿಂತುಬಿಡುತ್ತದೆ.

"ಹಂಗಂದ್ರ ಆ ದೇಶ ಮುಂದ ಬರಂಗಿಲ್ಲ ಬಿಡು ಕಾಕಾ," ಅಂದು ನಾನು ಮೀಟರು ಹಚ್ಚಿ ಅರಿವೆ ಕತ್ತರಿಸಿಯೇ ಬಿಡುತ್ತೇನೆ. ಕತ್ತರಿಸಿದ ಮೇಲೆ ಯಾವ ಗಿರಾಕಿ ಫಿನ್ಲೆಂಡಿಗೆ ಹೋಗುತ್ತಾನೆ?

ಈ ಹುಚ್ಚಿಗೆ ಬೇರು ಒಂದು ಅಂಕಿ. ಹನ್ನೊಂದು. ನಲವತ್ತು ವರ್ಷದ ಹಿಂದೆ ಹತ್ತನೇ ಇಯತ್ತೆಯ ಗಣಿತದಲ್ಲಿ ಕಾಕಾನಿಗೆ ಬಿದ್ದ ಅಂಕ. ಉಳಿದದ್ದರಲ್ಲೆಲ್ಲ ಪಾಸು. ಅಕ್ಟೋಬರಿನಲ್ಲಿ ಮತ್ತೆ ಕಟ್ಟು ಅಂತ ಮಾಸ್ತರು ಹೇಳಿದರಂತೆ, ಇವನು ಕಟ್ಟಲಿಲ್ಲ. ಜಗತ್ತಿನಲ್ಲಿ ಫೇಲಾದವರು ಬಹಳ ಮಂದಿ ಇದ್ದಾರೆ. ಅಂಕಪಟ್ಟಿ ಹರಿದವರಿದ್ದಾರೆ, ಒಲೆಗೆ ಹಾಕಿದವರಿದ್ದಾರೆ. ಫೇಲಾದ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿದವನು ನಮ್ಮ ಕಾಕಾ ಒಬ್ಬನೇ!

"ಯಾಕ ಕಾಕಾ, ಇದನ್ನ ಯಾರಿಗೆ ತೋರಸಾಂವ ನೀ?"

"ಇರ್ಲಿ. ಫ್ರಾನ್ಸಿನ್ಯಾಗ ಇಪ್ಪತ್ತಕ್ಕ ಹತ್ತು ಬಿದ್ರ ಪಾಸು. ನಂದು ಹನ್ನೊಂದು. ಅಲ್ಲಿ ಪಾಸಾಗಿ ಒಂದು ಉಳೀತು ನೋಡು."

"ನಿಂದು ನೂರಕ್ಕ ಹನ್ನೊಂದು ಕಾಕಾ!"

"ಅಂಕಿ ಹನ್ನೊಂದ ಹೌದಲ್ಲ?"

ಬೊಂಬಾಯಿಯ ಹೋಲ್‌ಸೇಲ್ ವ್ಯಾಪಾರಿಗಳನ್ನು ಬಗ್ಗಿಸಿದವಳು ನಾನು, ಇವನ ಮುಂದೆ ಸೋತು ಅರಿವೆ ಮಡಚತೊಡಗಿದೆ. ಜರ್ಮನಿಯಲ್ಲಿ ಒಂದು ಅಂದರೆ ಎಲ್ಲಕ್ಕಿಂತ ಮೇಲು, ಆರು ಅಂದರೆ ಫೇಲು ಅಂತ ತಿಳಿದ ದಿನವಂತೂ ಪೇಢೆ ತಂದ. "ಮೂರು ತಿಂಗಳಿನ ತಿಮಾಹಿ ಪರೀಕ್ಷೆದಾಗ ನನಗ ಒಂದ ಅಂಕ ಬಿದ್ದಿತ್ತವ್ವಾ. ಆಗ ಮಾಸ್ತರ ಬಡದಿದ್ದ. ಅವಂಗ ಏನ ಗೊತ್ತು, ಜರ್ಮನಿಗೆ ನಾ ಫಸ್ಟು!" ಪೇಢೆ ಚಲೋ ಇದ್ದವು, ಹಾಗಾಗಿ ನಾನೂ ಒಪ್ಪಿಕೊಂಡೆ.

ಇದನ್ನೆಲ್ಲ ಎಲ್ಲಿಂದ ತರುತ್ತಾನೆ? ಅರ್ಧ ಮೊಬೈಲಿನಿಂದ, ಅರ್ಧ ಮಂದಿಯ ಬಾಯಿಂದ. ದುಬೈಯಿಂದ ರಜೆಗೆ ಬಂದ ಟೈಲ್ಸ್ ಮೇಸ್ತ್ರಿ ಇರಲಿ, ಬಸವಕಲ್ಯಾಣ ನೋಡಲು ಬಂದ ಪರದೇಶದವರಿರಲಿ, ಕಾಕಾ ಎರಡೇ ಪ್ರಶ್ನೆ ಕೇಳುತ್ತಾನೆ. ನಿಮ್ಮಲ್ಲಿ ಪರೀಕ್ಷೆ ಹ್ಯಾಂಗ? ನಿಮಗ ಯಾವ ವಿಷಯ ಸೇರತಿತ್ತು? ಹೆಸರು ಕೇಳುವುದಿಲ್ಲ, ಪಗಾರ ಕೇಳುವುದಿಲ್ಲ. ಒಮ್ಮೆ ಇಟಲಿಯ ಗಂಡ ಹೆಂಡತಿ ಕೋಟೆ ಬಾಗಿಲಲ್ಲಿ ಸಿಕ್ಕರು. ಗೈಡು ನಡುವೆ ನಿಂತು ತಿಳಿಸಿ ಹೇಳಿದ. ಆ ಹೆಂಗಸು ಪಾಪ, ಕೋಟೆ ನೋಡುವುದು ಬಿಟ್ಟು, ಅಲ್ಲಿ ಕಡೆಯ ಪರೀಕ್ಷೆಯಲ್ಲಿ ಮಾಸ್ತರರ ಮುಂದೆ ಕುಂತು ಬಾಯಿಲೆ ಉತ್ತರ ಹೇಳಬೇಕು, ನಾನು ಅತ್ತುಬಿಟ್ಟಿದ್ದೆ ಅಂತ ಅರ್ಧ ತಾಸು ಹೇಳಿದಳು. ಕಾಕಾ ಹೊರಳಿ ಬಂದವನೇ ಸಾರಿದ: "ಇಟಲಿ ನಂದ! ಬಾಯಿಲೆ ಅಂದ್ರ ನನ್ನ ಯಾರು ಹಿಡೀತಾರ?" ಇದರ ಬಗ್ಗೆ ಮಾತ್ರ ನಮ್ಮ ಮನೆತನದಲ್ಲಿ ಯಾರಿಗೂ ಸಂಶಯವಿಲ್ಲ.

ಇನ್ನು ಎಮ್ಮೆಗಳು. ಲಕ್ಷ್ಮಿ ಗಂಗಿ ಅಂತ ಹೆಸರಿಡುವವರು ಇಡಲಿ. ಕಾಕಾನ ಎಮ್ಮೆಗಳ ಹೆಸರು ಫಿನ್ಲೆಂಡ್, ಜಪಾನ್, ಕೊರಿಯಾ, ಫ್ರಾನ್ಸ್. ಫಿನ್ಲೆಂಡಿಗೆ ಯಾವುದಕ್ಕೂ ಅವಸರವಿಲ್ಲ, ಬಡಿಗೆ ತೋರಿಸಬೇಕಾಗಿಲ್ಲ, ಹಾಲು ಮಾತ್ರ ಎಲ್ಲಕ್ಕಿಂತ ಹೆಚ್ಚು. ಜಪಾನ್ ತಾನು ಮಲಗುವ ಜಾಗ ಹೊಲಸು ಮಾಡುವುದಿಲ್ಲ. ಅಲ್ಲಿ ಹುಡುಗರೇ ಶಾಲೆ ಕಸ ಹೊಡೆಯುತ್ತಾರಲ್ಲ, ಹಾಗೆ. ಕೊರಿಯಾ ಕೋಳಿಗಿಂತ ಮೊದಲು ಎದ್ದು ಒದರುತ್ತದೆ. ಫ್ರಾನ್ಸ್ ಇನ್ನೂ ಈಯದ ಮಣಕ, ಗುಣ ಗೊತ್ತಾಗಿಲ್ಲ. ಸಂಜೆ ಮೋರಖಂಡಿಯ ದಾರಿಯಲ್ಲಿ ನಿಂತರೆ ಕೇಳುತ್ತದೆ: "ಏ ಕೊರಿಯಾ, ಹಿಂದಕ್ಕ ಸರಿ! ಜಪಾನಿಗೆ ಹಾಯಬ್ಯಾಡ!" ದಾರಿಹೋಕರು ಯುದ್ಧ ಶುರುವಾಯಿತೆಂದು ಹೆದರಬೇಕು!

ಹೆಣ್ಣು ನೋಡುವ ಕಾರ್ಯಕ್ಕೂ ಅವನು ಬೇಕೇ ಬೇಕು. ನಮ್ಮ ಅಣ್ಣನ ಮಗಳನ್ನು ನೋಡಲು ಹುಲಸೂರಿನವರು ಬಂದಾಗ, ಎಲ್ಲರೂ ಹೊಲ ಎಷ್ಟು, ನೌಕರಿ ಏನು ಅಂತ ಕೇಳುತ್ತಿದ್ದರೆ ಕಾಕಾ ಚೂಡಾ ತಿನ್ನುವುದನ್ನು ನಿಲ್ಲಿಸಿ ವರನನ್ನು ಕೇಳಿದ: "ಸಾಲಿಯಾಗ ನಿಮಗ ಯಾವ ವಿಷಯ ಸೇರತಿತ್ತರಿ?"

ಹುಡುಗ ಬೆವೆತ. ಅವರಪ್ಪ "ಗಣಿತ ಅನ್ನು" ಅಂತ ಕಣ್ಣು ಮಾಡಿದ. ಹುಡುಗ ತಲೆ ತಗ್ಗಿಸಿ, "ಆಟದ ಪೀರಿಯಡ್ ರೀ," ಅಂದ.

"ಹುಡುಗಿ ಕೊಡ್ರಿ," ಅಂದ ಕಾಕಾ. "ಹಿರೇರ ಮುಂದ ಕುಂತು ಖರೇ ಹೇಳ್ಯಾನ."

ಕೊಟ್ಟೆವು. ಇಬ್ಬರೂ ಚೆನ್ನಾಗಿದ್ದಾರೆ. ವರದಕ್ಷಿಣೆಯ ಮಾತೆತ್ತದ ಮನೆ. ನಾನು ನಾಲ್ಕು ಕಡೆ ವಿಚಾರಿಸಿ ತಿಳಿಯುವುದನ್ನು ಕಾಕಾ ಒಂದು ಪ್ರಶ್ನೆಯಲ್ಲಿ ತಿಳಿದಿದ್ದ. ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಹೀಗೆ ನಗುನಗುತ್ತ ಇದ್ದವರ ಮೇಲೆ ಈ ವರ್ಷ ನನ್ನ ಮಗಳ ಹತ್ತನೇ ಇಯತ್ತೆಯ ಫಲಿತಾಂಶ ಬಂದು ಬಿತ್ತು. ಹುಮನಾಬಾದಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗಿ. ಐದು ವಿಷಯ ಪಾಸು, ಗಣಿತ ಫೇಲು.

ಮನೆಗೆ ಮಂದಿ ಬಂದರು ನೋಡಿ! ಸತ್ತವರ ಮನೆಗೆ ಬಂದ ಹಾಗೆ, ಚಪ್ಪಲಿ ಸದ್ದಾಗದಂತೆ ಬಿಟ್ಟು, "ಹ್ಯಾಂಗಾತರಿ ಇದು?" ಅಂತ. ಮಗಳು ಒಳಕೋಣೆ ಸೇರಿದವಳು ಮೂರು ದಿನ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು, "ಅವ್ವಾ, ಎರಡನೇ ಪರೀಕ್ಷೆ ನಾ ಬರಿಯಂಗಿಲ್ಲ. ಸಾಲಿ ಮುಗೀತು. ಅಂಗಡ್ಯಾಗ ಮಷೀನ ಮ್ಯಾಲ ಕೂಡ್ತೀನಿ," ಅಂದಳು.

ಇಲ್ಲಿ ನನ್ನ ತಪ್ಪನ್ನು ನಾನೇ ಹೇಳಬೇಕು. ಐದನೆಯ ಮಷೀನಿಗೆ ಕೆಲಸದವಳು ಸಿಕ್ಕಿರಲಿಲ್ಲ. ನಾನೂ ಏಳನೆಯ ಇಯತ್ತೆಗೇ ಬಿಟ್ಟವಳು, ಬದುಕಲಿಲ್ಲವೇನು? "ಬಿಡು, ನಿನ್ನ ಮನಸ್ಸು," ಅಂದುಬಿಟ್ಟೆ. ಅನ್ನುವಾಗ ಎಷ್ಟು ಸಲೀಸಾಗಿ ಬಂತು ಆ ಮಾತು!

ಮಗಳು ಮಷೀನಿನ ಮೇಲೆ ಕುಂತ ಮೊದಲ ದಿನವೇ ಕಾಕಾ ಬಂದ. ಅಂಕ ಕೇಳಲಿಲ್ಲ. ತನ್ನ ಸ್ಟೂಲು ಎಳೆದುಕೊಂಡು, "ನೋಡವ್ವಾ, ಫಿನ್ಲೆಂಡಿನ್ಯಾಗ ನಿನ್ನ ವಯಸ್ಸಿಗೆ ಇಂಥಾ ಪರೀಕ್ಷೇನ ಇಲ್ಲ. ಅಲ್ಲಿ ನೀ..."

"ನಿನ್ನ ಫಿನ್ಲೆಂಡ್ ಸುಡ್ಲಿ ಅಜ್ಜಾ!" ಮಗಳು ಚೀರಿದಳು. ಅಂಗಡಿಯ ಮಷೀನುಗಳೆಲ್ಲ ನಿಂತವು. "ನಾ ಫೇಲಾಗಿದ್ದು ಇಲ್ಲಿ! ನೀನೂ ಇಲ್ಲೇ ಫೇಲಾಗಿದ್ದಿ. ಮತ್ತ ಬರದೇನು? ಇಲ್ಲ. ಹೆದರಿ ಓಡಿ ಹೋಗಿ ಎಮ್ಮಿ ಕಾಯಾಕತ್ತಿ, ದೇಶ ಎಣಸಾಕತ್ತಿ. ನಾ ಅರಿವಿ ಹೊಲಿತೀನಿ. ಫರಕ್ ಏನದ?"

ಕಾಕಾ ಕ್ಯಾನು ಅಲ್ಲೇ ಬಿಟ್ಟು ಎದ್ದುಹೋದ.

ಮರುದಿನ ಬಂದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೈಯಲ್ಲಿ ಲ್ಯಾಮಿನೇಷನ್ ಅಂಕಪಟ್ಟಿ. "ನಡೀ, ನನ್ನ ಹೆಸರೂ ಹಚ್ಚಸು. ಈಕಿ ಜೋಡಿ ನಾನೂ ಬರೀತೀನಿ." ಕರೆದುಕೊಂಡು ಹೋದೆ. ನಮ್ಮೂರ ಶಿಕ್ಷಣ ಇಲಾಖೆ ಕಚೇರಿಯ ಗುಮಾಸ್ತ ಅಂಕಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ, ಪ್ರಾಚೀನ ಶಾಸನ ಓದುವವನ ಹಾಗೆ.

"ಅಜ್ಜಾರ, ಇದು ಈ ವರ್ಷ ಫೇಲಾದವರಿಗೆ ಅದರಿ."

"ನಾನೂ ಫೇಲಾದಾಂವ ಹೌದಲ್ಲರಿ? ನಾಕು ವರ್ಷ ಹಿಂದ ಮುಂದ."

"ನಲವತ್ತು ವರ್ಷರಿ ಅಜ್ಜಾರ!"

ಆಗಲಿಲ್ಲ. ಹೊಸದಾಗಿ ಹೆಸರು ಹಚ್ಚಿ ಬರುವ ವರ್ಷ ಆರೂ ವಿಷಯ ಬರೆಯಬೇಕಂತೆ. ಅಂಗಡಿಗೆ ಬಂದು ಕಾಕಾ ಮಗಳ ಮುಂದೆ ನಿಂತ. "ಒಳಗ ಕೂಡಸಂಗಿಲ್ಲಂತ. ನೀ ಒಳಗ ಬರಿ, ನಾ ಹೊರಗ ಕುಂತು ಹಳೇ ಪೇಪರ್ ಬರೀತೀನಿ. ಅದ ಗಂಟಿಗೆ ಶುರು, ಅದ ಗಂಟಿಗೆ ಮುಗಸೋದು. ಒಪ್ಪಿಗಿ ಏನು?"

ಯಾರ ಮಗಳು ಅವಳು? ಪುಕ್ಕಟೆ ಒಪ್ಪುತ್ತಾಳೆಯೇ? ದಾರ ಕಡಿದು, ಸೂಜಿ ಚುಚ್ಚಿಟ್ಟು, ಶರತ್ತು ಹಾಕಿದಳು: "ಪರೀಕ್ಷೆ ಮುಗಿಯೋತನಕ ಬ್ಯಾರೆ ದೇಶದ ಹೆಸರು ನಿನ್ನ ಬಾಯಾಗ ಬರಬಾರದು. ಒಮ್ಮೆ ಬಂತಂದ್ರ ನಾ ಬರಿಯಂಗಿಲ್ಲ."

ಕಾಕಾ ನನ್ನ ಕಡೆ ನೋಡಿದ. ಇಂಥ ವ್ಯಾಪಾರದಲ್ಲಿ ನಾನು ನಡುವೆ ಬಾಯಿ ಹಾಕುವುದಿಲ್ಲ.

"ಕಬೂಲ್," ಅಂದ.

ಅಂದಾಗ ಅವನಿಗೆ ಎಮ್ಮೆಗಳ ನೆನಪೇ ಇರಲಿಲ್ಲ! ಸಂಜೆ ದನ ಹೊರಳುವ ಹೊತ್ತಿಗೆ ಮಗಳೇ ಮೋರಖಂಡಿಗೆ ಹೋಗಿ ಕಾವಲು ನಿಂತಳು. ಕಾಕಾ ಹಳ್ಳದ ದಂಡೆಯ ಮೇಲೆ ನಿಂತು, "ಏ... ಏ ಇಕಾ... ದೊಡ್ಡಾಕಿ, ಬಾ!" ಅಂದ. ಯಾವ ಎಮ್ಮೆಯೂ ಕಿವಿ ಆಡಿಸಲಿಲ್ಲ. ದೊಡ್ಡಾಕಿ ಅಂದರೆ ಯಾರು? ಬರೋಬರ್ ಹೆಸರಿಟ್ಟ ಮೇಲೆ ಎಮ್ಮೆಗೂ ಒಂದು ಮರ್ಯಾದೆ ಬರುತ್ತದೆ. ಫಿನ್ಲೆಂಡ್ ಅವತ್ತು ನೀರಿನಿಂದ ಏಳಲೇ ಇಲ್ಲ. ಕಾಕಾ ಧೋತರ ಎತ್ತಿಕಟ್ಟಿ ಹಳ್ಳಕ್ಕಿಳಿದು, ಕೊಂಬು ಹಿಡಿದು ಮೇಲೆ ತಂದ. ದಿನಾ ಇದೇ ಹೈರಾಣ. ಹಾಲು ಅರ್ಧಕ್ಕಿಳಿಯಿತು. ಆದರೆ ಒಂದು ದೇಶದ ಹೆಸರೂ ಹೊರಗೆ ಬರಲಿಲ್ಲ.

ದಿನಾ ಮಧ್ಯಾಹ್ನ ಅಂಗಡಿಯಲ್ಲಿ ಇಬ್ಬರ ಅಭ್ಯಾಸ. ಕಟಿಂಗ್ ಟೇಬಲ್ಲೇ ಫಲಕ, ಅರಿವೆಗೆ ಗುರುತು ಹಾಕುವ ಚಾಕ್‌ಪೀಸೇ ಬರೆಯುವ ಖಡು. ಕಾಕಾನಿಗೆ ತಿಳಿಸಿ ಹೇಳಬೇಕಾದರೆ ಮೊದಲು ಮಗಳಿಗೆ ತಿಳಿಯಬೇಕಲ್ಲ! ಅವಳು ರಾತ್ರಿ ಪುಸ್ತಕ ಓದಿ ತಯಾರಾಗಿ ಬರತೊಡಗಿದಳು. ಒಮ್ಮೆ ಒಂದು ಲೆಕ್ಕ ಬಂತು: ಚೌಕಾಕಾರದ ಹುಲ್ಲುಗಾವಲಿನ ಒಂದು ಮೂಲೆಗೆ ಏಳು ಮೀಟರ್ ಹಗ್ಗದಿಂದ ಕುದುರೆ ಕಟ್ಟಿದೆ, ಅದು ಎಷ್ಟು ಜಾಗದ ಹುಲ್ಲು ಮೇಯುತ್ತದೆ?

"ಮೂಲಿಗೆ ಯಾಕ ಕಟ್ಟಿದರು?" ಅಂದ ಕಾಕಾ.

"ಲೆಕ್ಕದಾಗ ಕಟ್ಯಾರ ಅಜ್ಜಾ. ವೃತ್ತದ ಕಾಲು ಭಾಗ ಆಗ್ತದ. ಅದರ ಕ್ಷೇತ್ರಫಲ ತಗಿ."

"ನಡುವ ಕಟ್ಟಿದ್ರ ಪೂರಾ ವೃತ್ತ ಮೇಯತಿತ್ತಲ್ಲ? ಮೂಲಿಗೆ ಕಟ್ಟಿ ಮುಕ್ಕಾಲು ಭಾಗ ಹಾಳು ಮಾಡಿದ್ರು. ಮತ್ತ ದನ ಹಿಂಗ ಗೋಲ್ ಹಾಕಿ ಮೇಯ್ತದೇನು? ಒಂದ ಕಡೆ ನಾಕು ಬಾಯಿ ಹಾಕ್ತದ, ಮಲಗ್ತದ. ಈ ಲೆಕ್ಕ ಬರದಾಂವ ಒಂದು ದಿನಾನೂ ದನ ಕಟ್ಟಿಲ್ಲ!"

ಮಗಳು ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕಳು. ಫಲಿತಾಂಶ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನು ಕತ್ತರಿ ಕೆಳಗಿಟ್ಟು, ಐದನೆಯ ಮಷೀನಿಗೆ ಬೇರೆ ಯಾರನ್ನಾದರೂ ಹುಡುಕಬೇಕು ಅಂದುಕೊಂಡೆ.

ಪರೀಕ್ಷೆಯ ದಿನ ಮೂವರೂ ಹುಮನಾಬಾದಿಗೆ ಹೋದೆವು. ಗೇಟಿನ ಹತ್ತಿರ ಮಗಳ ಕಾಲು ನಿಂತುಬಿಟ್ಟವು. ಅರಿವೆ ಮಾರುವ ನನ್ನ ಮಾತು ಅಲ್ಲಿ ಏನು ಕೆಲಸಕ್ಕೆ? ಕಾಕಾ ತನ್ನ ಜಿಯೋಮೆಟ್ರಿ ಬಾಕ್ಸು ಎತ್ತಿ ಅಲುಗಾಡಿಸಿದ, ಒಳಗಿನ ಕೈವಾರ ಖಣಖಣ ಅಂತು. "ನಂದು ತಯಾರಿ ಅದ. ನೀ ಒಳಗ ನಡೀ, ಇಲ್ಲಂದ್ರ ನಂದೂ ಶುರು ಆಗಂಗಿಲ್ಲ." ಹೋದಳು.

ಅಷ್ಟರಲ್ಲಿ ಪೊಲೀಸಪ್ಪ ಬಂದ. "ಏ ಅಜ್ಜಾ, ಯಾರಿಗೆ ಕಾಪಿ ಕೊಡಾಕ ನಿಂತಿ?" ಚೀಲ ಬಿಚ್ಚಿಸಿದ. ಒಳಗೇನಿದೆ? ಗಣಿತದ ಪ್ರಶ್ನೆಪತ್ರಿಕೆ! ಪೊಲೀಸಪ್ಪನ ಮೀಸೆ ನೆಟ್ಟಗಾಯಿತು. ನಾನು ಕೈಮುಗಿದು, ಅದು ಮೂರು ವರ್ಷ ಹಳೆಯದು ಅಂತ ತೋರಿಸಿ, ಲ್ಯಾಮಿನೇಷನ್ ಅಂಕಪಟ್ಟಿ ತೋರಿಸಿ, ನಲವತ್ತು ವರ್ಷದ ಕಥೆ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಪೊಲೀಸಪ್ಪ ಕಾಕಾನನ್ನು ಮೇಲಿಂದ ಕೆಳಗೆ ನೋಡಿ, ದೂರದ ಚಹಾದ ಅಂಗಡಿಯ ಕಡೆ ಲಾಠಿ ತೋರಿಸಿದ. "ಪರೀಕ್ಷಾ ಕೇಂದ್ರದ ಗಡಿ ಅಲ್ಲಿಗಿ ಮುಗೀತದ. ಅಲ್ಲಿ ಕುಂತು ಬರಿ. ಓಡು, ಟೈಮ್ ಶುರು ಆತು."

ಕಾಕಾ ಬೆಂಚಿನ ಮೇಲೆ ಕುಂತು ಬರೆದ. ಚಹಾ ಆರಿತು, ನೊಣ ಕುಂತಿತು, ತಲೆ ಎತ್ತಲಿಲ್ಲ. ಪೊಲೀಸಪ್ಪ ನಡುವೆ ಬಂದು, "ಅಜ್ಜಾರ, ಇನ್ನ ಒಂದು ತಾಸದರಿ," ಅಂತ ಹೇಳಿದ. ಕಾಕಾ ಬಿಡುತ್ತಾನೆಯೇ?

"ಸಾಹೇಬರ, ನಿಮಗ ಯಾವ ವಿಷಯ ಸೇರತಿತ್ತರಿ?"

"ಗಣಿತ."

"ಖರೇ ಹೇಳ್ರಿ."

ಪೊಲೀಸಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಚಿತ್ರಕಲೆ ರೀ."

ಗಂಟೆಯಾಯಿತು. ಮಗಳು ಓಡುತ್ತ ಬಂದಳು. "ಅಜ್ಜಾ, ಆ ಕುದರಿ ಬಂದಿತ್ತು! ಮೂಲಿಗೆ ಕಟ್ಟಿದ್ದು! ಒಬ್ಬಾಕೆನ ನಕ್ಕಬಿಟ್ಟೆ, ಮೇಡಮ್ ಬೈದರು!" ಆಮೇಲೆ ಅವನ ಹಾಳೆ ಕಸಿದುಕೊಂಡು ಅಲ್ಲೇ ಬೆಂಚಿನ ಮೇಲೆ ತಿದ್ದಿದಳು, ನನ್ನ ಚೀಲದಲ್ಲಿದ್ದ ಕೆಂಪು ಚಾಕ್‌ಪೀಸಿನಿಂದ. ಕೂಡಿಸಿದಳು. ಮತ್ತೊಮ್ಮೆ ಕೂಡಿಸಿದಳು.

"ಇಪ್ಪತ್ಮೂರು. ಪಾಸಿಲ್ಲ ಅಜ್ಜಾ."

"ಹನ್ನೊಂದರ ಮ್ಯಾಲ ಹನ್ನೆರಡು ಏರಿತಲ್ಲ," ಅಂದ ಕಾಕಾ, ಹಾಳೆಗಳನ್ನು ಜೋಡಿಸಿಕೊಳ್ಳುತ್ತ.

ಮಗಳು ಅವನ ಪಕ್ಕ ಕುಂತಳು. "ಅಜ್ಜಾ, ಎಲ್ಲಾರಿಗೂ ಕೇಳ್ತಿ. ನಿನಗ ಯಾವ ವಿಷಯ ಸೇರತಿತ್ತು?"

ಕಾಕಾ ಕೈವಾರವನ್ನು ಡಬ್ಬಿಯಲ್ಲಿಡುತ್ತಿದ್ದ. ಕೈ ನಿಂತಿತು.

"ಗಣಿತ," ಅಂದ.

ನಾವಿಬ್ಬರೂ ನಗಲಿಲ್ಲ.

"ನಂಗ ಅದರ ಮ್ಯಾಲ ಭಾಳ ಜೀವ ಇತ್ತವ್ವಾ. ಅದಕ್ಕ ನನ್ನ ಮ್ಯಾಲ ಇರಲಿಲ್ಲ. ಅಕ್ಟೋಬರದಾಗ ಅದು ಮತ್ತ ನನ್ನ ಬ್ಯಾಡ ಅಂದ್ರ ಹ್ಯಾಂಗ ಅಂತ ಪರೀಕ್ಷೆಗೆ ಹೋಗಲಿಲ್ಲ." ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿದ. "ನಡೀರಿ, ಬಸ್ ಹೋಗ್ತದ."

ಮಗಳು ಪಾಸಾದಳು, ನಲವತ್ತೊಂದು. ಈಗ ಬಸವಕಲ್ಯಾಣದಲ್ಲೇ ಕಾಲೇಜು. ಕಾಕಾನ ಬಾಯಿಯ ಬೀಗ ಪರೀಕ್ಷೆಯ ಸಂಜೆಯೇ ತೆರೆಯಿತು: ದಂಡೆಯ ಮೇಲೆ ನಿಂತು ಎದೆ ಬಿರಿಯುವಂತೆ "ಫಿನ್ಲೆಂಡ್!" ಅಂತ ಕೂಗಿದ. ನೀರಿನಲ್ಲಿದ್ದ ಎಮ್ಮೆ ದಡಬಡಿಸಿ ಎದ್ದು ಬಂತು. ಇಪ್ಪತ್ಮೂರು ಅಂಕದ ಹಾಳೆಗೂ ಲ್ಯಾಮಿನೇಷನ್ ಆಗಿದೆ. ಎಲ್ಲ ಹಾಳೆಗೂ ಬೇಡ, ಮೇಲಿನದಕ್ಕೆ ಸಾಕು ಅಂತ ಒಪ್ಪಿಸುವುದರಲ್ಲಿ ನನ್ನ ಚೌಕಾಸಿ ವಿದ್ಯೆಯೆಲ್ಲ ಖರ್ಚಾಯಿತು.

ಈಗ ನಿಮಗೆ ನನ್ನ ಸಲಹೆ. ಇದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಮಕ್ಕಳ ಯೂನಿಫಾರ್ಮ್ ಹೊಲಿಸುವಾಗ ಕೆಳಗೆ ಮೂರು ಬೆರಳು ಅರಿವೆ ಮಡಚಿ ಬಿಡಿಸಿ, ಬೆಳೆದಂತೆ ಬಿಚ್ಚಬಹುದು. ಫಲಿತಾಂಶ ಬಂದ ಮನೆಗೆ ಹೋದರೆ ಚಪ್ಪಲಿ ಸದ್ದು ಮಾಡಿಯೇ ಹೋಗಿ, ಅಂಕ ಕೇಳಬೇಡಿ, ಯಾವ ವಿಷಯ ಸೇರುತ್ತದೆ ಅಂತ ಕೇಳಿ. ಮತ್ತೆ ನಿಮ್ಮ ಮನೆಯಲ್ಲೂ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತ ತಿರುಗುವ ಒಬ್ಬ ಹಿರಿಯ ಇರುತ್ತಾನೆ. ನಾಳೆ ಅವನು ಬಂದು ಸ್ಟೂಲಿನ ಮೇಲೆ ಕುಂತಾಗ, ಚಹಾ ಕೊಟ್ಟು, ಆ ಪ್ರಶ್ನೆಯನ್ನು ಅವನಿಗೇ ತಿರುಗಿ ಕೇಳಿ. ನಾಳೆಯೇ ಕೇಳಿ. ನನ್ನ ಅಂಗಡಿಯಲ್ಲಿ ಇಷ್ಟು ವರ್ಷ ಕುಂತವನಿಗೆ ನಾನು ಒಂದು ದಿನವೂ ಕೇಳಿರಲಿಲ್ಲ.